ಹಳೇ ಹುಬ್ಬಳ್ಳಿಯ ಗಾದಿ ಮತ್ತು ಹೆಣ್ಣುಮಕ್ಕಳು

ಇನ್ನೂರು ವರ್ಷಗಳ ಹಿಂದೆ ಹುಬ್ಬಳ್ಳಿಗೆ ಇಬ್ಬರು ಒಡೆಯರಿದ್ದರು. ಹಳೇ ಹುಬ್ಬಳ್ಳಿ ಪೇಶ್ವೆಯ ಪರವಾಗಿ ಫಡಕೆಯ ಕೈಯಲ್ಲಿತ್ತು, ಹೊಸ ಹುಬ್ಬಳ್ಳಿ ಸಾಂಗ್ಲಿಯ ಪಟವರ್ಧನರದಾಗಿತ್ತು. 1817ರಲ್ಲಿ ಇಂಗ್ಲಿಷರು ಪೇಶ್ವೆಯಿಂದ ಹಳೆಯದನ್ನು ಕಿತ್ತುಕೊಂಡರು. 1820ರಲ್ಲಿ ಪಟವರ್ಧನರು ತಾವು ಒದಗಿಸಬೇಕಿದ್ದ ದಂಡಿನ ಖರ್ಚಿಗೆ ಬದಲಾಗಿ ಹೊಸ ಹುಬ್ಬಳ್ಳಿಯನ್ನು 47 ಹಳ್ಳಿಗಳ ಸಮೇತ ಬಿಟ್ಟುಕೊಟ್ಟರು. ಎರಡು ಊರು ಒಂದೇ ಸರ್ಕಾರದ ಕೆಳಗೆ ಬಂದದ್ದು ಹೀಗೆ.

ಇವುಗಳಲ್ಲಿ ಮೂಲದ್ದು ಹಳೇ ಹುಬ್ಬಳ್ಳಿ. ರಾಯರ ಹುಬ್ಬಳ್ಳಿ ಎಂಬುದು ಅದರ ಹಿಂದಿನ ಹೆಸರು. ಭವಾನಿಶಂಕರ ಗುಡಿ ಮತ್ತು ಜೈನ ಬಸದಿ ಆ ಕಾಲಕ್ಕೆ ಸಾಕ್ಷಿಯಾಗಿ ಉಳಿದಿವೆ. ವಿಜಯನಗರದ ಕಾಲಕ್ಕೇ ಇಲ್ಲಿ ಅರಳೆ, ಪೆಟ್ಲುಪ್ಪು, ಕಬ್ಬಿಣದ ವ್ಯಾಪಾರ ಜೋರಾಗಿತ್ತು. ಆದಿಲಶಾಹಿಗಳ ಕಾಲದಲ್ಲಿ ಇಂಗ್ಲಿಷರು ಇಲ್ಲೊಂದು ಕೋಠಿ ತೆರೆದರು, 1673ರಲ್ಲಿ ಶಿವಾಜಿಯ ದಂಡು ಬಂದು ಅದನ್ನು ಸೂರೆ ಮಾಡಿತು. ಮುಂದೆ ಸವಣೂರು ನವಾಬರ ಆಳ್ವಿಕೆಯಲ್ಲಿ ಬಸಪ್ಪ ಶೆಟ್ಟರೆಂಬ ವರ್ತಕರು ಈಗಿನ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿದರು. ಪೇಟೆ ಅತ್ತ ಸರಿಯಿತು, 1880ರ ದಶಕದಲ್ಲಿ ರೈಲು ಮತ್ತು ಅದರ ವರ್ಕ್‌ಶಾಪ್ ಬಂದ ಮೇಲೆ ದುಡ್ಡೂ ಅತ್ತಲೇ ಹೋಯಿತು. ಹಳೆಯ ಊರಿಗೆ ಉಳಿದದ್ದು ಮಗ್ಗ, ಗುಡಿ, ದರ್ಗಾ ಮತ್ತು 1929ರಲ್ಲಿ ಸಮಾಧಿಯಾದ ಸಿದ್ಧಾರೂಢರ ಮಠದ ಜಾತ್ರೆ.

ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ವೃತ್ತದಿಂದ ಒಳಗೆ ಹೊಕ್ಕರೆ ಚನ್ನಪೇಟ, ದಿಡ್ಡಿ ಓಣಿ, ಕೃಷ್ಣಾಪುರ ಓಣಿ ಎಂದು ಊರು ಓಣಿಗಳಾಗಿ ಒಡೆಯುತ್ತ ಹೋಗುತ್ತದೆ. ನೇಕಾರರು, ಮುಸಲ್ಮಾನರು, ಲಿಂಗಾಯತರು, ದಲಿತರು ಗೋಡೆಗೆ ಗೋಡೆ ತಾಗಿಸಿ ಬದುಕುವ ಜಾಗವಿದು. ಇಲ್ಲಿ ಹೆಂಗಸರ ದಿನಚರಿಯನ್ನು ಬಹುಕಾಲ ನಿರ್ಧರಿಸಿದ್ದು ಒಂದೇ ಪ್ರಶ್ನೆ: ‘ನಳಾ ಬಂತೇನವ್ವಾ?’ ನೀರು, ಗಟಾರ, ಬೀದಿದೀಪ, ಶಾಲೆ, ಸಂತೆಕಟ್ಟೆ ಇವೆಲ್ಲ ಪುರಸಭೆಯ ಕಡತದ ವಿಷಯಗಳು. ಅವುಗಳ ಕೊರತೆಯನ್ನು ಮೈಮೇಲೆ ಹೊತ್ತವರು ಹೆಚ್ಚಾಗಿ ಹೆಣ್ಣುಮಕ್ಕಳು.

ಪುರಸಭೆಯಲ್ಲಿ ಮಾತ್ರ ಅವರಿರಲಿಲ್ಲ. 1850ರ ಕಾಯ್ದೆಯ ಆಧಾರದಲ್ಲಿ ಹುಬ್ಬಳ್ಳಿ ಪುರಸಭೆ 1855ರ ಆಗಸ್ಟ್ 15ರಂದು, ಧಾರವಾಡದ್ದು 1856ರ ಜನವರಿ 1ರಂದು ಹುಟ್ಟಿದವು. ಧಾರವಾಡಕ್ಕೆ ಸರ್ಕಾರಿ ಅಧಿಕಾರಿಯಲ್ಲದ ಮೊದಲ ಅಧ್ಯಕ್ಷರಾಗಿ ರೊದ್ದ ಅವರು ಬಂದದ್ದು 1907ರಲ್ಲಿ. ಅಂದರೆ ಊರಿನ ಗಂಡಸರಿಗೂ ಆ ಗಾದಿ ಸಿಕ್ಕಲು ಅರ್ಧ ಶತಮಾನ ಹಿಡಿಯಿತು.

ಹುಬ್ಬಳ್ಳಿಯ ಹೆಣ್ಣುಮಕ್ಕಳು ಗಾದಿಗಾಗಿ ಕಾಯಲಿಲ್ಲ. ಉಮಾಬಾಯಿ ಕುಂದಾಪುರ 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಸುಧಾರಕ ಮಾವ ಆನಂದರಾಯರ ಒತ್ತಾಸೆಯಿಂದ ಮೆಟ್ರಿಕ್ ಪಾಸಾದರು. ಕ್ಷಯದಿಂದ ಗಂಡ ತೀರಿಕೊಂಡ ಮೇಲೆ ಮಾವನೊಂದಿಗೆ ಹುಬ್ಬಳ್ಳಿಗೆ ಬಂದರು. ಮಾವ ಕರ್ನಾಟಕ ಪ್ರೆಸ್ ನಡೆಸಿದರೆ ಸೊಸೆ ತಿಲಕ ಕನ್ಯಾಶಾಲೆ ನಡೆಸಿದರು, ಭಗಿನಿ ಮಂಡಳ ಕಟ್ಟಿದರು. ಡಾ. ನಾ.ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗದ ಹೊಣೆಯೂ ಅವರದೇ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕರೆತಂದರು, ಅವರಲ್ಲಿ ವಿಧವೆಯರೂ ಇದ್ದರು. ವಿಧವೆ ಹೊಸ್ತಿಲು ದಾಟುವುದೇ ಕಷ್ಟವಿದ್ದ ದಿನಗಳವು. 1932ರಲ್ಲಿ ಅವರು ಯೆರವಡಾ ಜೈಲಿನಲ್ಲಿ ನಾಲ್ಕು ತಿಂಗಳಿದ್ದರು. ಸರ್ಕಾರ ಅತ್ತ ಪ್ರೆಸ್ ಜಪ್ತಿ ಮಾಡಿ, ಶಾಲೆಗೆ ಬೀಗ ಜಡಿದು, ಮಂಡಳವನ್ನು ಕಾನೂನುಬಾಹಿರವೆಂದು ಸಾರಿತು. ಸ್ವಾತಂತ್ರ್ಯ ಬಂದ ಮೇಲೆ ಅವರು ಯಾವ ಪದವಿಯನ್ನೂ ಬಯಸಲಿಲ್ಲ. 1992ರಲ್ಲಿ, ನೂರರ ಹೊಸ್ತಿಲಲ್ಲಿ, ತೀರಿಕೊಂಡರು. ಇದೇ ಊರಿನಲ್ಲಿ ನಾಗಮ್ಮ ಪಾಟೀಲರು ಪತಿ ಸರದಾರ ವೀರನಗೌಡರೊಡನೆ ದಲಿತ ಹುಡುಗಿಯರಿಗಾಗಿ ಬಾಲಿಕಾಶ್ರಮ ನಡೆಸಿದರು.

ಅತ್ತ ದೊಡ್ಡ ಶಹರಗಳಲ್ಲಿ ಗಾದಿ ಹೆಣ್ಣುಮಕ್ಕಳಿಗೆ ಸಿಗತೊಡಗಿತ್ತು. 1956ರಲ್ಲಿ ಮುಂಬಯಿಗೆ ಸುಲೋಚನಾ ಮೋದಿ, 1957ರಲ್ಲಿ ಮದರಾಸಿಗೆ ತಾರಾ ಚೆರಿಯನ್, 1958ರಲ್ಲಿ ದಿಲ್ಲಿಗೆ ಅರುಣಾ ಅಸಫ್ ಅಲಿ, 1959ರಲ್ಲಿ ಬೆಂಗಳೂರಿಗೆ ಇಂದಿರಮ್ಮ ಮೇಯರ್ ಆದರು. ಹುಬ್ಬಳ್ಳಿ, ಧಾರವಾಡ ಪುರಸಭೆಗಳು ಕೂಡಿ ಮಹಾನಗರ ಪಾಲಿಕೆಯಾದದ್ದು 1962ರಲ್ಲಿ. ಅದೇ ವರ್ಷ ಧಾರವಾಡದ ಸರೋಜಿನಿ ಮಹಿಷಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು. ಮುಂದೆ ಮತ್ತೆ ಮೂರು ಸಲ ಗೆದ್ದರು, ಕೇಂದ್ರದಲ್ಲಿ ಮಂತ್ರಿಯಾದರು. ಕನ್ನಡಿಗರ ಉದ್ಯೋಗದ ಕುರಿತ ಅವರ ವರದಿಯ ಹೆಸರು ಇವತ್ತಿಗೂ ಬಾಯಲ್ಲಿದೆ.

ಪಾಲಿಕೆಯ ಸಭಾಂಗಣದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬೆಳೆದದ್ದು 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯಿಂದ. ಮೊದಲು ಮೂರನೇ ಒಂದು ಪಾಲು, ರಾಜ್ಯದ ಕಾಯ್ದೆಯಿಂದ ಈಗ ಅರ್ಧ. ಮೇಯರ್ ಸ್ಥಾನದ ಮೀಸಲಾತಿಯೂ ಸರದಿಯಂತೆ ತಿರುಗುತ್ತದೆ. ಪೂರ್ಣಿಮಾ ಪಾಟೀಲ, ಅಶ್ವಿನಿ ಮಜ್ಜಗಿ ಆ ಕುರ್ಚಿಯಲ್ಲಿ ಕೂತರು. 82 ವಾರ್ಡುಗಳ ಈಗಿನ ಪಾಲಿಕೆಯಲ್ಲಿ 2023ರಲ್ಲಿ ವೀಣಾ ಬರದ್ವಾಡ, 2025ರಲ್ಲಿ ಜ್ಯೋತಿ ಪಾಟೀಲ ಆಯ್ಕೆಯಾದರು.

ಆದರೆ ಮೇಯರ್ ಕೈಯಲ್ಲಿ ಏನಿದೆ? ಸಭೆ ನಡೆಸುವುದು ಅವರು, ಆಡಳಿತ ನಡೆಸುವುದು ಸರ್ಕಾರ ಕಳಿಸುವ ಆಯುಕ್ತರು. ಅವಧಿಯೋ ಒಂದೇ ವರ್ಷ. ನೆರೆಯ ನವಲಗುಂದದ ಪುರಸಭೆ ಅಧ್ಯಕ್ಷರಿಗೆ 30 ತಿಂಗಳ ಅವಧಿಯಿದೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಅವಳಿನಗರದ ಮೇಯರ್‌ಗೆ 12. ಹಳೇ ಹುಬ್ಬಳ್ಳಿಯ ನೀರನ್ನೇ ನೋಡಿ. ನೀರಸಾಗರ ಕೆರೆ ಸಾಲದೆ ಮಲಪ್ರಭೆಯ ನವಿಲುತೀರ್ಥದಿಂದ ನೀರು ತರಬೇಕಾಯಿತು. ವಿಶ್ವಬ್ಯಾಂಕಿನ ನೆರವಿನಿಂದ ಕೆಲವು ವಾರ್ಡುಗಳಿಗೆ 24 ತಾಸಿನ ನೀರು 2008ರ ಹೊತ್ತಿಗೆ ಬಂದರೂ ಉಳಿದ ಓಣಿಗಳು ವರ್ಷಗಟ್ಟಲೆ ದಿನ ಎಣಿಸಿ ನೀರು ಹಿಡಿದವು. ಇಂಥ ಕೆಲಸ ಒಬ್ಬ ಮೇಯರ್ ಅವಧಿಯಲ್ಲಿ ಟೆಂಡರಿನ ಹಂತ ದಾಟುವುದೂ ಕಷ್ಟ. ಮಹಿಳೆಗೆ ಮೀಸಲಾದ ವರ್ಷ ಮುಗಿದಾಗ ‘ಅಕ್ಕಾರು ಏನೂ ಮಾಡಲಿಲ್ಲ’ ಎನ್ನುವ ಮಾತು ಸುಲಭ. ಗಂಡಸು ಮೇಯರ್‌ಗೂ ಅಷ್ಟೇ ಕಾಲವಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಗಡಿ, ಆಸ್ತಿ, ಸಿಬ್ಬಂದಿ ಹಂಚಿಕೆಯ ಚರ್ಚೆ ಅದರ ಬೆನ್ನಿಗೇ ಬಂತು. ಮೇಯರ್ ಅವಧಿಯ ಮಾತೂ ಅದರೊಳಗೆ ಸೇರಬೇಕು. ಗಾದಿಯ ದಾರಿ ತೆರೆದದ್ದು ಮೀಸಲಾತಿ. ಕೂತವರು ಕೆಲಸ ಮಾಡಿ ತೋರಿಸಬೇಕಾದರೆ ಎರಡೂವರೆ ವರ್ಷವಾದರೂ ಬೇಕು. ನವಲಗುಂದಕ್ಕೆ ಸಲ್ಲುವ ನ್ಯಾಯ ಹುಬ್ಬಳ್ಳಿಗೂ ಸಲ್ಲಬೇಕಲ್ಲವೇ?