ಈಸ್ಟರ್ 2026: ದೊಡ್ಡ ಖರ್ಚಿಲ್ಲದೆ ಮನೆಯವರ ಜತೆ ಆಚರಿಸುವುದು ಹೇಗೆ? ದಿನ, ಪದ್ಧತಿ, ಅಡುಗೆಯ ವಿವರ ಇಲ್ಲಿದೆ

ಈ ವರ್ಷ ಈಸ್ಟರ್ ಏಪ್ರಿಲ್ 5ರ ಭಾನುವಾರ. ಮಾರ್ಚ್ 29ಕ್ಕೆ ಗರಿಗಳ ಭಾನುವಾರ, ಏಪ್ರಿಲ್ 2ಕ್ಕೆ ಪವಿತ್ರ ಗುರುವಾರ, 3ಕ್ಕೆ ಗುಡ್ ಫ್ರೈಡೇ. ಕ್ರಿಸ್ಮಸ್ ಬಂದರೆ ನಕ್ಷತ್ರ, ಗೋದಲಿ, ಕುಸ್ವಾರ್ ಅಂತ ಇಡೀ ಕರಾವಳಿಗೆ ಗೊತ್ತಾಗ್ತದೆ. ಈಸ್ಟರ್ ಹಾಗಲ್ಲ. ಹೇಗೂ ಭಾನುವಾರವೇ ಬರುವುದರಿಂದ ಪ್ರತ್ಯೇಕ ರಜೆ ಇಲ್ಲ, ಬೀದಿಯಲ್ಲಿ ದೀಪವೂ ಇಲ್ಲ. ಆದರೆ ಕ್ರೈಸ್ತರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಹಬ್ಬ. ಶಿಲುಬೆಗೇರಿ ಸತ್ತ ಯೇಸು ಮೂರನೇ ದಿನ ಎದ್ದು ಬಂದ ಎಂಬ ನಂಬಿಕೆಯ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಪ್ರತಿವರ್ಷ ದಿನ ಯಾಕೆ ಬದಲಾಗ್ತದೆ ಅಂತ ಕೇಳುವವರು ತುಂಬಾ ಜನ. ಲೆಕ್ಕ ಚಂದ್ರನದ್ದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ನೋಡಿ, ಆಮೇಲಿನ ಭಾನುವಾರ ಹಿಡಿಯುವುದು. ಈ ಸಲ ಹುಣ್ಣಿಮೆ ಏಪ್ರಿಲ್ 2ಕ್ಕೆ, ಹಾಗಾಗಿ 5ಕ್ಕೆ ಹಬ್ಬ. ಮಾರ್ಚ್ 22ಕ್ಕಿಂತ ಮೊದಲೂ ಏಪ್ರಿಲ್ 25ರ ನಂತರವೂ ಬರುವುದಿಲ್ಲ. ಮುಂದಿನ ವರ್ಷ ಮಾರ್ಚ್ 28ಕ್ಕೆ.

ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗುಡ್ ಫ್ರೈಡೇ ದಿನ 'ಹಾರ್ದಿಕ ಶುಭಾಶಯಗಳು' ಅಂತ ಫ್ಲೆಕ್ಸ್ ಕಟ್ಟುವವರು, ಸ್ಟೇಟಸ್ ಹಾಕುವವರು ಪ್ರತಿವರ್ಷ ಸಿಗ್ತಾರೆ. ಅದು ಯೇಸು ಸತ್ತ ದಿನ ಮಾರಾಯ್ರೆ, ಉಪವಾಸದ ದಿನ. ಶುಭಾಶಯ ಹೇಳುವುದು ಭಾನುವಾರ. ಕೊಂಕಣಿ ಮನೆಗಳಲ್ಲಿ ಈಸ್ಟರಿಗೆ ಪಾಸ್ಕಾಂಚೆಂ ಫೆಸ್ತ್ ಅಂತ ಹೆಸರು.

ಗುರುವಾರದ ಅಪ್ಪ

ಮನೆಯೊಳಗೆ ಆಗುವ ಆಚರಣೆಗಳಲ್ಲಿ ಅತ್ಯಂತ ಅರ್ಥಪೂರ್ಣ ಅಂತ ನನಗೆ ಕಾಣುವುದು ಪವಿತ್ರ ಗುರುವಾರ ರಾತ್ರಿಯದ್ದು. ಯೇಸು ಶಿಷ್ಯರ ಜತೆ ಕೊನೆಯ ಊಟ ಮಾಡಿದ ರಾತ್ರಿ ಅದು. ಚರ್ಚ್‌ನಲ್ಲಿ ಧರ್ಮಗುರುಗಳು 12 ಜನರ ಪಾದ ತೊಳೆಯುತ್ತಾರೆ. ಕಥೋಲಿಕ ಸಭೆಯ ಲ್ಯಾಟಿನ್ ಪದ್ಧತಿಯಲ್ಲಿ 2016ರಿಂದ ಮಹಿಳೆಯರ ಪಾದ ತೊಳೆಯುವುದಕ್ಕೂ ಅವಕಾಶ ಉಂಟು.

ಬೆಳ್ತಂಗಡಿ, ಕಡಬ ಕಡೆಗೆ ಕೇರಳದಿಂದ ಬಂದು ನೆಲೆಸಿದ ಸೀರೋ ಮಲಬಾರ್ ಕುಟುಂಬಗಳು ಬಹಳ ಇವೆ. ಇವರಿಗಾಗಿಯೇ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಆಯಿತು. ಈ ಮನೆಗಳಲ್ಲಿ ಗುರುವಾರ ರಾತ್ರಿ ಪೆಸಹಾ ಅಪ್ಪ ಮಾಡುತ್ತಾರೆ. ಅಕ್ಕಿ ಹಿಟ್ಟು, ಉದ್ದು ಸೇರಿಸಿ, ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುವುದು. ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿಯ ತುಂಡನ್ನೇ ಶಿಲುಬೆಯ ಆಕಾರದಲ್ಲಿ ಮೇಲೆ ಇಡುತ್ತಾರೆ. ಬೆಲ್ಲ, ತೆಂಗಿನ ಹಾಲಿನ ಪಾನಕ ಪಕ್ಕಕ್ಕೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಹಿರಿಯರು ಅಪ್ಪ ಕತ್ತರಿಸಿ, ಪಾಲಿನಲ್ಲಿ ಅದ್ದಿ, ದೊಡ್ಡವರಿಂದ ಸಣ್ಣವರ ತನಕ ಒಬ್ಬೊಬ್ಬರಿಗೇ ಕೊಡುತ್ತಾರೆ.

ಇದರಲ್ಲಿ ಒಂದು ಕಟ್ಟಳೆ ಉಂಟು. ಆ ವರ್ಷ ಸಾವು ಆದ ಮನೆಯಲ್ಲಿ ಅಪ್ಪ ಮಾಡುವುದಿಲ್ಲ. ಹಾಗಂತ ಆ ಮನೆ ಅಪ್ಪ ಇಲ್ಲದೆ ಉಳಿಯುವುದೂ ಇಲ್ಲ. ನೆಂಟರೋ ನೆರೆಯವರೋ ತಮ್ಮ ಮನೆಯದ್ದನ್ನು ತಂದು ಕೊಡುತ್ತಾರೆ. ಗಂಡ ತೀರಿಹೋಗಿ, ಮಕ್ಕಳು ದೂರದಲ್ಲಿದ್ದು, ಒಬ್ಬರೇ ಉಳಿದ ಅಮ್ಮಂದಿರ ಮನೆಗಳು ಈಗ ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಅಂಥ ಮನೆಗೆ ಆ ರಾತ್ರಿ ಒಂದು ಪಾತ್ರೆ ಹಿಡಿದು ಹೋಗುವವರು ಬೇಕು. ಈ ಪದ್ಧತಿ ಇಲ್ಲದ ಕೊಂಕಣಿ, ಕನ್ನಡ, ತುಳು ಕ್ರೈಸ್ತ ಮನೆಯವರೂ ಇಷ್ಟು ಮಾಡಬಹುದು: ನಿಮ್ಮ ವಾಳೆಯಲ್ಲಿ ಈ ವರ್ಷ ಸಾವು ಕಂಡ ಮನೆ ಯಾವುದು ಅಂತ ನೋಡಿ, ಹಬ್ಬದ ಅಡುಗೆಯಲ್ಲಿ ಅವರ ಪಾಲು ಮೊದಲೇ ತೆಗೆದಿಡಿ.

ಶುಕ್ರವಾರದ ಗಂಜಿ, ಶನಿವಾರದ ಬೆಂಕಿ

ಗುಡ್ ಫ್ರೈಡೇ ದಿನ ಕಥೋಲಿಕ ಚರ್ಚುಗಳಲ್ಲಿ ಬಲಿಪೂಜೆಯೇ ಇರುವುದಿಲ್ಲ. ಗಂಟೆ ಬಾರಿಸುವುದಿಲ್ಲ, ಬದಲಿಗೆ ಮರದ ಗಿಲಕಿಯ ಟಕಟಕ ಸದ್ದು. ಕಥೋಲಿಕ ನಿಯಮದಂತೆ 18ರಿಂದ 59 ವಯಸ್ಸಿನವರಿಗೆ ಉಪವಾಸ, ಅಂದರೆ ಪೂರ್ತಿ ಊಟ ಒಂದೇ ಹೊತ್ತು. 14 ದಾಟಿದವರಿಗೆ ಮಾಂಸ ಇಲ್ಲ. ಕಾಯಿಲೆ ಇದ್ದವರಿಗೆ ಉಪವಾಸದ ಕಡ್ಡಾಯ ಇಲ್ಲ, ಶುಗರ್ ಮಾತ್ರೆ ತೆಗೆದುಕೊಳ್ಳುವ ಅಜ್ಜ ಅಜ್ಜಿಯರಿಗೆ ಇದನ್ನು ನೆನಪು ಮಾಡಬೇಕು. ಹಲವು ಮನೆಗಳಲ್ಲಿ ಆ ದಿನ ಕುಚ್ಚಲಕ್ಕಿ ಗಂಜಿ, ಚಟ್ನಿ ಅಥವಾ ಉಪ್ಪಿನಕಾಯಿ, ಅಷ್ಟೇ. ಮಕ್ಕಳಿಗೆ ಇದೇ ದಿನ ಅರ್ಥ ಆಗುವುದು. ಶುಕ್ರವಾರ ಗಂಜಿ ಉಂಡವರಿಗೆ ಭಾನುವಾರದ ಸಣ್ಣದ ರುಚಿ ಬೇರೆಯೇ.

ಈಸ್ಟರ್ ನಿಜವಾಗಿ ಶುರು ಆಗುವುದು ಶನಿವಾರ ಕತ್ತಲಾದ ಮೇಲೆ. ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹಾಕಿ, ಅದರಿಂದ ದೊಡ್ಡ ಪಾಸ್ಕ ಮೇಣದ ಬತ್ತಿ ಹೊತ್ತಿಸುತ್ತಾರೆ. ಬತ್ತಿಯ ಮೇಲೆ ಶಿಲುಬೆ, ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳ ಗುರುತಿಗೆ ಐದು ಧೂಪದ ಕಾಳು. ಅದರಿಂದ ಎಲ್ಲರ ಕೈಯ ಸಣ್ಣ ಬತ್ತಿಗಳಿಗೆ ಬೆಂಕಿ ದಾಟುತ್ತಾ ಹೋಗ್ತದೆ. ನೀರನ್ನೂ ಆಶೀರ್ವದಿಸುತ್ತಾರೆ. ಒಂದು ಬಾಟಲಿ ನೀರು, ಉರಿದು ಉಳಿದ ಬತ್ತಿ, ಇವೆರಡನ್ನು ಮನೆಗೆ ತನ್ನಿ. ಭಾನುವಾರ ಆಲ್ತಾರಿನ ಎದುರು ಬತ್ತಿ ಹೊತ್ತಿಸಿ, ಸುವಾರ್ತೆಯಿಂದ ಖಾಲಿ ಸಮಾಧಿಯ ಭಾಗವನ್ನು ಮಕ್ಕಳ ಕೈಯಲ್ಲಿ ಓದಿಸಿ, ನೀರನ್ನು ಕೋಣೆಗಳಿಗೆ ಚಿಮುಕಿಸಿದರೆ ಹತ್ತು ನಿಮಿಷದ ಕೆಲಸ. ಹಾಸಿಗೆ ಹಿಡಿದು ಚರ್ಚಿಗೆ ಬರಲಾಗದವರು ಇದ್ದರೆ ಅವರ ಮಂಚದ ಹತ್ತಿರವೇ ಮಾಡಿ.

ಬೇರೆ ಧರ್ಮದ ನೆರೆಯವರು ಬರಬಹುದೇ? ಧಾರಾಳ ಬರಬಹುದು, ಕೂರಬಹುದು. ಕಥೋಲಿಕ ಚರ್ಚಿನಲ್ಲಿ ಪರಮಪ್ರಸಾದಕ್ಕೆ ಮಾತ್ರ ಸಾಲಿಗೆ ಹೋಗಬಾರದು.

ಅಡುಗೆ ಎಷ್ಟು ಬೇಕು?

ಸಣ್ಣ, ಒಂದು ಮಾಂಸದ ಸಾರು, ಒಂದು ತರಕಾರಿ. ನನ್ನ ಪ್ರಕಾರ ಇಷ್ಟೇ ಸಾಕು. ಹಂದಿ ಬಾಫಾತ್ ಮಾಡುವುದಾದರೆ ಶನಿವಾರವೇ ಬೇಯಿಸಿಡಿ, ಮಸಾಲೆ ಎಳೆದು ಮರುದಿನಕ್ಕೆ ರುಚಿ ಹೆಚ್ಚುತ್ತದೆ, ಭಾನುವಾರ ಅಡುಗೆಮನೆಯಲ್ಲಿ ಒಬ್ಬರೇ ಬೇಯುವುದೂ ತಪ್ಪುತ್ತದೆ. ಬೇಡದವರಿಗೆ ಕೋಳಿ. ಸಣ್ಣಕ್ಕೆ ಹಿಂದೆ ಕಳ್ಳು ಹಾಕಿಯೇ ಹಿಟ್ಟು ಹುಳಿ ಬರಿಸುತ್ತಿದ್ದರು, ಈಗ ಹೆಚ್ಚಿನವರದ್ದು ಯೀಸ್ಟ್. ಏಪ್ರಿಲ್ ಸೆಕೆಗೆ ಹಿಟ್ಟು ಬೇಗ ಉಬ್ಬುತ್ತದೆ, ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಉಬ್ಬಿದ ಮೇಲೆ ಕಲಸಬೇಡಿ, ಹಾಗೆಯೇ ಮೆಲ್ಲ ತೆಗೆದು ತಟ್ಟೆಗೆ ಹೊಯ್ಯಿರಿ.

ಬೇಕರಿಗಳಲ್ಲಿ ಸಿಗುವ ಮಾರ್ಜಿಪಾನ್, ಚಾಕಲೇಟ್ ಮೊಟ್ಟೆ ಚಂದ ಕಾಣ್ತದೆ, ಆದರೆ ನಾಲ್ಕು ಮಕ್ಕಳಿರುವ ಮನೆಗೆ ಬಿಲ್ ಸಣ್ಣದಲ್ಲ. ಹಿಂದೆ ಯುರೋಪಿನಲ್ಲಿ ತಪಸ್ಸುಕಾಲದಲ್ಲಿ ಮೊಟ್ಟೆಯೂ ನಿಷಿದ್ಧ ಇತ್ತು. ಅಷ್ಟು ದಿನ ಕೂಡಿಟ್ಟ ಮೊಟ್ಟೆ ಈಸ್ಟರಿಗೆ ಮೇಜಿಗೆ ಬರುತ್ತಿತ್ತು. ಹಾಗೆ ನೋಡಿದರೆ ಮನೆಯಲ್ಲಿ ಬೇಯಿಸಿದ ಕೋಳಿಮೊಟ್ಟೆಯೇ ಅಸಲಿ. ನೀರುಳ್ಳಿ ಸಿಪ್ಪೆ ಹಾಕಿ ಬೇಯಿಸಿದರೆ ಕೆಂಗಂದು ಬಣ್ಣ ಬರ್ತದೆ. ಮಕ್ಕಳಿಗೆ ಕೆಲಸವೂ ಆಯಿತು.

ದೂರ ಇದ್ದವರ ಲೆಕ್ಕ

ಕರಾವಳಿಯ ಬಹಳಷ್ಟು ಮನೆಗಳಲ್ಲಿ ಮೇಜಿನ ಒಂದು ಕುರ್ಚಿ ಗಲ್ಫಿನಲ್ಲಿ ಇರ್ತದೆ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ ವಾರದ ರಜೆ. ಕುವೈತ್, ಕತಾರ್‌ಗಳಲ್ಲಿ ರಜೆ ಶುಕ್ರವಾರ, ಶನಿವಾರ, ಭಾನುವಾರ ಕೆಲಸದ ದಿನ. ಇಲ್ಲಿ ಮಧ್ಯಾಹ್ನ 12.30 ಆದಾಗ ದುಬೈಯಲ್ಲಿ 11, ಕುವೈತಿನಲ್ಲಿ 10. ಊಟದ ಹೊತ್ತಿಗೆ ಮಗ ಕೆಲಸದಲ್ಲಿದ್ದರೆ ಕಾಲ್ ಸಿಗದೆ ಅಮ್ಮನಿಗೆ ಬೇಜಾರು. ಅದರ ಬದಲು ಅವರ ಕೆಲಸ ಮುಗಿಯುವ ಹೊತ್ತು ಮೊದಲೇ ಕೇಳಿ, ಬತ್ತಿ ಹೊತ್ತಿಸುವ ಪ್ರಾರ್ಥನೆಯನ್ನು ಆಗಲೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಬರುವವರು ಬಸ್ ಟಿಕೆಟನ್ನು ಈಗಲೇ ನೋಡಿ, ಶುಕ್ರವಾರದಿಂದ ಮೂರು ದಿನ ಸಾಲು ರಜೆ ಇರುವುದರಿಂದ ಕೊನೆಗೆ ಸೀಟು ಸಿಗುವುದು ಕಷ್ಟ.

ಆ ದಿನಕ್ಕೆ ಬರಲು ಆಗದಿದ್ದರೂ ಹಬ್ಬ ತಪ್ಪಿತು ಅಂತ ಇಲ್ಲ. ಚರ್ಚಿನ ಪಂಚಾಂಗದಲ್ಲಿ ಈಸ್ಟರ್ ಕಾಲ ಒಟ್ಟು 50 ದಿನ, ಈ ವರ್ಷ ಮೇ 24ರ ಪೆಂತೆಕೋಸ್ತ್ ತನಕ. ಮೇ ರಜೆಗೆ ಮಕ್ಕಳು ಬಂದಾಗ ಅದೇ ಬತ್ತಿ ಹೊತ್ತಿಸಿ, ಸಣ್ಣ ಮಾಡಿ ಊಟಕ್ಕೆ ಕೂತರೂ ಅದು ಈಸ್ಟರ್ ಊಟವೇ.