ಅಜ್ಜಿ ಬಳೆಯ ಅರ್ಧ ಗ್ರಾಂ

ನಮ್ಮಜ್ಜಿ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿದೆ. ಬಳೆ ಒಂದು ಜೊತೆ, 4 ತೊಲ. ಹೋದ ತಿಂಗಳು ಅದನ್ನ ಜಯನಗರದ ಒಂದು ಅಂಗಡೀಲಿ ತೂಗಿಸಿದ್ವಿ. 46.1 ಗ್ರಾಂ ಬಂತು. ಒಂದು ತೊಲ ಅಂದ್ರೆ 11.66 ಗ್ರಾಂ, ಹಾಗಾಗಿ ನಾಲ್ಕಕ್ಕೆ 46.6 ದಾಟಬೇಕಿತ್ತು. ಅರ್ಧ ಗ್ರಾಂ ಎಲ್ಲಿ ಹೋಯ್ತು? ಬಳೆ ಇಷ್ಟು ವರ್ಷ ಇದ್ದದ್ದು ದೊಡ್ಡಮ್ಮನ ಬೀರುವಿನಲ್ಲಿ. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದ್ರೆ ಬನಶಂಕರಿ ತಲುಪೋವರೆಗೂ ಆಟೋದಲ್ಲಿ ಯಾರೂ ಮಾತೂ ಆಡಲಿಲ್ಲ.

ಮೊದಲು ಮಿಷನ್ ಮೇಲೇ ಅನುಮಾನ ಬಂತು. ಅನುಮಾನಕ್ಕೆ ಕಾರಣವೂ ಇದೆ ಕಣ್ರೀ. ಬಳೆಯಲ್ಲಿ ಎಷ್ಟು ಚಿನ್ನ ತುಂಬಿದೆ ಅನ್ನೋದು ಅದರ ದ್ರವ್ಯರಾಶಿ. ಭೂಮಿ ಅದನ್ನ ಎಷ್ಟು ಜೋರಾಗಿ ಕೆಳಕ್ಕೆ ಎಳೆಯುತ್ತೆ ಅನ್ನೋದು ತೂಕ. ನಾವು ಎರಡಕ್ಕೂ ತೂಕ ಅಂತಲೇ ಅಂತೀವಿ. ಅಜ್ಜಿ ಕಾಲದ ಅಕ್ಕಸಾಲಿಗರ ತಕ್ಕಡಿ ಒಂದು ತಟ್ಟೆಯ ವಸ್ತುವನ್ನ ಇನ್ನೊಂದು ತಟ್ಟೆಯದರ ಜೊತೆ ಹೋಲಿಸುತ್ತೆ. ಎಳೆತ ಎರಡೂ ಕಡೆ ಒಂದೇ ಆದ್ದರಿಂದ ಚಂದ್ರನ ಮೇಲೆ ತೂಗಿದ್ರೂ ಅದೇ ಉತ್ತರ. ಎಲೆಕ್ಟ್ರಾನಿಕ್ ಮಿಷನ್ ಹಾಗಲ್ಲ. ಅದು ನೋಡೋದು ಎಳೆತವನ್ನ, ಆಮೇಲೆ ಲೆಕ್ಕ ಹಾಕಿ ಗ್ರಾಂ ತೋರಿಸುತ್ತೆ. ಚಂದ್ರನ ಮೇಲೆ ಇದೇ ಬಳೆಗೆ 8 ಗ್ರಾಮೂ ತೋರಿಸಲ್ಲ.

ಅಷ್ಟು ದೂರ ಯಾಕೆ, ಭೂಮಿಯ ಮೇಲೇ ಎಳೆತ ಎಲ್ಲ ಕಡೆ ಒಂದೇ ಇಲ್ಲ. 1860ರ ದಶಕದಲ್ಲಿ ಸರ್ವೇ ಇಲಾಖೆಯ ಕ್ಯಾಪ್ಟನ್ ಬಸೇವಿ ಲೋಲಕಗಳನ್ನ ಹೊತ್ತುಕೊಂಡು ಊರೂರು ಅಲೆದು ಇದನ್ನ ಅಳೆದರು. ನಮ್ಮ ಬೆಂಗಳೂರಿನಲ್ಲೂ ಅಳೆದಿದ್ದಾರೆ. ಎಳೆತ ಕಮ್ಮಿ ಇದ್ದಲ್ಲಿ ಲೋಲಕ ನಿಧಾನ ಆಡುತ್ತೆ. ಪಾಪ, 1871ರಲ್ಲಿ ಲಡಾಖಿನ ಎತ್ತರದಲ್ಲಿ ಇದೇ ಕೆಲಸ ಮಾಡ್ತಾ ತೀರಿಕೊಂಡರು.

ಬೆಂಗಳೂರು ದೆಹಲಿಗಿಂತ ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಎರಡೂ ಕಾರಣಕ್ಕೆ ಇಲ್ಲಿ ಎಳೆತ ಕಮ್ಮಿ. ದೆಹಲಿಯಲ್ಲಿ ಸರಿಮಾಡಿದ ಮಿಷನ್ನನ್ನ ಹಾಗೇ ಇಲ್ಲಿಗೆ ತಂದಿಟ್ಟರೆ ಕಿಲೋಗೆ ಸುಮಾರು 1 ಗ್ರಾಂ ಕಮ್ಮಿ ತೋರಿಸುತ್ತೆ. ಅದಕ್ಕೇ ಮಿಷನ್ ಇಟ್ಟ ಊರಲ್ಲೇ ಗೊತ್ತಿರೋ ಬಟ್ಟು ಇಟ್ಟು ಸರಿಮಾಡಬೇಕು. ಆದ್ರೆ ನಮ್ಮ ಬಳೆಗೆ ಆ ವ್ಯತ್ಯಾಸ ಗ್ರಾಮಿನ ಇಪ್ಪತ್ತನೇ ಒಂದು ಭಾಗ, ಅಷ್ಟೇ. ಅರ್ಧ ಗ್ರಾಂ ಆಗಲ್ಲ.

ಹಾಗಾದ್ರೆ ತಕ್ಕಡಿಯ ಆ ಕಡೆ ಏನಿತ್ತು? ಇಲ್ಲಿದೆ ನೋಡಿ ಗುಟ್ಟು. ರೂಪಾಯಿ ನಾಣ್ಯ! 1833ರಲ್ಲಿ ಕಂಪನಿ ಸರ್ಕಾರ ಬೆಳ್ಳಿ ರೂಪಾಯಿಯ ತೂಕವನ್ನೇ ಒಂದು ತೊಲ ಅಂತ ಗೊತ್ತುಮಾಡಿತು. ಹಾಗಾಗಿ ಮನೆಗಳಲ್ಲಿ ರೂಪಾಯಿಯೇ ತೂಕದ ಕಲ್ಲು. ನಮ್ಮಜ್ಜಿಯೂ ನಾಲ್ಕು ರೂಪಾಯಿ ಇಟ್ಟೇ ಬಳೆ ತೂಗಿಸಿಕೊಂಡಿದ್ದು. ಅಮ್ಮನಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಆದ್ರೆ ಕೈಯಿಂದ ಕೈಗೆ ಹೋದ ನಾಣ್ಯ ಸವೆಯಲ್ವಾ? 1906ರ ನಾಣ್ಯ ಕಾಯಿದೆಯಲ್ಲಿ ನೂರಕ್ಕೆ 2 ಭಾಗ ಸವೆದ ರೂಪಾಯಿಯೂ ಚಲಾವಣೆಗೆ ಸಲ್ಲುತ್ತಿತ್ತು. ಅಂಥ ನಾಲ್ಕು ನಾಣ್ಯ ಇಟ್ಟರೆ 0.9 ಗ್ರಾಂವರೆಗೂ ಕಮ್ಮಿ ಬರಬಹುದು. ಜೊತೆಗೆ ಇಷ್ಟು ವರ್ಷ ಪಾತ್ರೆ ತೊಳೆದ ಕೈಯಲ್ಲಿ ಬಳೆಯೂ ಸವೆದಿದೆ. ನಮಗೆ ಕಮ್ಮಿಯಾಗಿರೋದು ಅದಕ್ಕಿಂತ ಎಷ್ಟೋ ಕಡಿಮೆ.

ತಕ್ಕಡಿ ಸುಳ್ಳು ಹೇಳಿರಲಿಲ್ಲ. ಎದುರಿಗಿದ್ದ ನಾಣ್ಯ ಸವೆದಿತ್ತು. ನಾವು ದೊಡ್ಡಮ್ಮನ್ನ ಅನುಮಾನಿಸಿದ್ವಿ.

ನಮ್ಮಲ್ಲಿ 1958ರ ಅಕ್ಟೋಬರಿನಿಂದ ಕಿಲೋ, ಗ್ರಾಂ ಹಂತಹಂತವಾಗಿ ಬಂತು. ಆದ್ರೂ ತೊಲ ಬಾಯಿಂದ ಹೋಗಲಿಲ್ಲ. ಈಗಂತೂ ಕೆಲವರು 10 ಗ್ರಾಂಗೇ ತೊಲ ಅಂತಾರೆ. ಆದ್ದರಿಂದ ಮಕ್ಕಳಿಗೆ ಒಡವೆ ಕೊಡುವಾಗ ಗ್ರಾಮಿನಲ್ಲೇ ಬರೆದಿಡಿ. ತೂಗಿದ ತಾರೀಖನ್ನೂ ಬರೆಯಿರಿ. ಅಂಗಡೀಲಿ ಮಿಷನ್ ಮೇಲೆ ಆ ಸಾಲಿನ ಸರ್ಕಾರಿ ಮುದ್ರೆ ಇದ್ಯಾ ನೋಡಿ, ಬಟ್ಟು ಇಟ್ಟು ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ.

ನಿನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿ ಈ ಲೆಕ್ಕ ಪೂರ್ತಿ ಹೇಳಿದೆ. ಕೇಳಿಸಿಕೊಂಡು ಸುಮ್ಮನಿದ್ದು, "ಭಾನುವಾರ ಊಟಕ್ಕೆ ಬನ್ನಿ, ಹುಳಿ ಮಾಡ್ತೀನಿ" ಅಂದ್ರು.