ವೀರಗಲ್ಲಿನ ವಿಮಾನ ಮತ್ತು ಬೆಳ್ಳಿತೆರೆಯ ಆಕಾಶ: ಸ್ಮರಣೆಯ ಒಂದು ಪ್ರಶ್ನೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಕೈಗೊಂಡವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ತೋಟದ ಅಂಚಿನಲ್ಲಿ, ಕಾಡು ಬೆಳೆದು ಮುಚ್ಚಿದ ಹಳೆಯ ಊರ ನೆಲೆಗಳಲ್ಲಿ ಅವು ನಿಂತಿವೆ. ಇವುಗಳ ಸಾಮಾನ್ಯ ವಿನ್ಯಾಸ ಮೂರು ಪಟ್ಟಿಕೆಗಳದು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ವಿಮಾನದಲ್ಲಿ ಮೇಲಕ್ಕೆ ಒಯ್ಯುವ ನೋಟ, ಮೇಲಿನದರಲ್ಲಿ ಶಿವಲಿಂಗ ಹಾಗೂ ಅದರ ಸನ್ನಿಧಿಯಲ್ಲಿ ಕುಳಿತ ವೀರ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಈ ಶಿಲ್ಪ, ಕಾಲವನ್ನು ದೃಶ್ಯಗಳಾಗಿ ವಿಭಜಿಸಿ ಮತ್ತೆ ಜೋಡಿಸುವ ಕಲೆ. ಇದನ್ನು ಕಂಡಾಗ ಚಲನಚಿತ್ರದ ನೆನಪಾಗುವುದು ಸಹಜ.

ಯುದ್ಧವಿಮಾನ ಚಾಲಕರನ್ನು ಕುರಿತ ಭಾರತೀಯ ಚಲನಚಿತ್ರಗಳನ್ನು ಈ ವೀರಗಲ್ಲುಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೀರನ ಸ್ಮರಣೆಯಲ್ಲಿ ಯಾವುದು ನಿಜವಾಗಿರಲೇಬೇಕು, ಯಾವುದು ಕಲ್ಪಿತವಾಗಿರಬಹುದು ಎಂಬುದೇ ಇಲ್ಲಿಯ ಪ್ರಶ್ನೆ.

ವೀರಗಲ್ಲನ್ನು ಕಡೆದ ಶಿಲ್ಪಿಗೆ ಆಕಾಶವನ್ನು ಕಂಡಂತೆ ಚಿತ್ರಿಸುವ ಹಂಗಿರಲಿಲ್ಲ. ಅವನ ವಿಮಾನ ಒಂದು ಸಂಪ್ರದಾಯ, ಒಂದು ನಂಬಿಕೆ. ಆದರೆ ಕಲ್ಲಿನಲ್ಲಿ ಶಾಸನವಿದ್ದಲ್ಲಿ ಅದು ಕಲ್ಪನೆಗೆ ಎಡೆಕೊಡದೆ, ಯಾರ ಆಳ್ವಿಕೆ, ಯಾವ ಊರು, ತುರುಗೊಳ್ ಕಾಳಗವೋ ಊರಳಿವೋ, ಮಡಿದವನ ಹೆಸರೇನು ಎಂಬುದನ್ನು ನಮೂದಿಸಲು ಯತ್ನಿಸುತ್ತದೆ. ಡಾ. ಎಂ. ಚಿದಾನಂದಮೂರ್ತಿ ಅವರ 1966ರ ಶಾಸನಾಧ್ಯಯನವೂ, 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಅವರು ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟವೂ ಈ ಸಾಮಗ್ರಿಯ ಮಹತ್ವವನ್ನು ಮನಗಾಣಿಸಿವೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ನಾಯಿಯನ್ನೂ ‘ಕಾಳಿ’ ಎಂದು ಹೆಸರಿಟ್ಟು ನೆನೆಯುತ್ತದೆ. ಬರಹವಿಲ್ಲದ ಕಲ್ಲುಗಳೂ ಬಹಳ. ಅಲ್ಲಿ ಊರ ಹಿರಿಯರ ಬಾಯಿಮಾತೇ ಶಾಸನ.

ಮಲೆನಾಡಿನ ರಂಗಪರಂಪರೆಯೂ ಇದೇ ಮನೋಧರ್ಮದ್ದು. ಯಕ್ಷಗಾನದಲ್ಲಿ ದೇವತೆಗಳ ಗಗನಸಂಚಾರಕ್ಕೆ ಆಕಾಶದ ಪರದೆ ಬೇಕಿಲ್ಲ. ಭಾಗವತರ ಪದ್ಯ, ಚೆಂಡೆಯ ನಾದ, ಪಾತ್ರಧಾರಿಯ ಕುಣಿತ ಸಾಕು. ಮಳೆಗಾಲ ಕಳೆದ ಮೇಲೆ ಮೇಳಗಳ ಡೇರೆಗಳಂತೆಯೇ ಟೂರಿಂಗ್ ಟಾಕೀಸಿನ ಡೇರೆಗಳೂ ಏಳುತ್ತಿದ್ದ ಕಾಲದಲ್ಲಿ ಈ ಎರಡಕ್ಕೂ ಪ್ರೇಕ್ಷಕರು ಬಹುಮಟ್ಟಿಗೆ ಒಬ್ಬರೇ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಆರಂಭವಾದದ್ದು 2023ರಲ್ಲಿ. ಅಲ್ಲಿಯವರೆಗೆ ಇಲ್ಲಿಯ ಬಹುಪಾಲು ಜನರಿಗೆ ವಿಮಾನವೆಂದರೆ ಕಲ್ಲಿನಲ್ಲಿ, ಪುರಾಣದಲ್ಲಿ, ತೆರೆಯ ಮೇಲೆ ಕಂಡದ್ದೇ ಹೆಚ್ಚು.

ಚಲನಚಿತ್ರವು ಈ ಸಂಬಂಧವನ್ನು ತಿರುವುಮುರುವಾಗಿಸಿತು. ಆಕಾಶವನ್ನು ಸೂಚಿಸಿದರೆ ಸಾಲದು, ತೋರಿಸಬೇಕು ಎಂಬುದು ಅದರ ಹಟ. 1971ರ ಯುದ್ಧದ ಹಿನ್ನೆಲೆಯ, ಚೇತನ್ ಆನಂದ್ ನಿರ್ದೇಶನದ ‘ಹಿಂದೂಸ್ತಾನ್ ಕೀ ಕಸಮ್’ (1973), ಗೋವಿಂದ ನಿಹಲಾನಿ ನಿರ್ದೇಶನದ ‘ವಿಜೇತಾ’ (1982) ಎಂಬ ಹಿಂದಿ ಚಿತ್ರಗಳು ವಾಯುಪಡೆಯ ನೆರವಿನಿಂದ ನಿಜವಾದ ವಿಮಾನಗಳನ್ನೇ ಚಿತ್ರೀಕರಿಸಿದವು. ನಿಹಲಾನಿ ಅವರಿಗೂ ಕರ್ನಾಟಕಕ್ಕೂ ನಂಟುಂಟು. 1962ರಲ್ಲಿ ಅವರು ಛಾಯಾಗ್ರಹಣ ಶಿಕ್ಷಣ ಮುಗಿಸಿದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಛಾಯಾಗ್ರಾಹಕರೂ ಅವರೇ.

‘ವಿಜೇತಾ’ದ ನಾಯಕ ಅಂಗದ್ ಮನೆಯ ಕಲಹದಿಂದ ನೊಂದ ತರುಣ; ತರಬೇತಿ ಪಡೆದು ಮಿಗ್-21 ವಿಮಾನದ ಚಾಲಕನಾಗುತ್ತಾನೆ. ಪಾತ್ರ ಕಲ್ಪಿತ, ಆದರೆ ಅವನ ಸುತ್ತಲಿನ ಮೋಡ, ಬಿಸಿಲು, ಲೋಹದ ವೇಗ ನಿಜ. ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಭಾರತೀಯ ವಾಯುಪಡೆಯಿಂದ ನಿವೃತ್ತಿಯಾದ ಮೇಲೆ ಆ ದೃಶ್ಯಗಳಿಗೆ ಕಥೆಯನ್ನು ಮೀರಿದ ದಾಖಲೆಯ ಬೆಲೆಯೂ ಬಂದಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಕೊಡಗಿನದು. ಹಾಲೇರಿ ಅರಸು ಮನೆತನವನ್ನು ಸಾಗರದ ಬಳಿಯ ಇಕ್ಕೇರಿಯ ನಾಯಕರ ಕವಲೆಂದು ಭಾವಿಸುವುದರಿಂದ ಕೊಡಗು ಮಲೆನಾಡಿಗೆ ಪರಕೀಯವಲ್ಲ. ಅಲ್ಲಿಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಕಾದಿರಿಸಿದ ಚಾಲಕರಾಗಿದ್ದು, ಬಳಿಕ ದಾಳಿಯಲ್ಲಿ ಸೇರಿಕೊಂಡರು. ತಮ್ಮದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಎದುರಾಗಿ ವಿಮಾನ ಜಖಂಗೊಂಡಿದ್ದರೂ ಹೋರಾಡಿ ಅದನ್ನು ಉರುಳಿಸಿದರು; ತಾವು ಹಿಂದಿರುಗಲಿಲ್ಲ. ಇಲ್ಲಿಯ ದಾಖಲೆಗಳಲ್ಲಿ ಅವರು ಕಾಣೆಯಾದವರು. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು 1979ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ಕಾಳಗದ ಸಂಗತಿ ಹೊರಬಿದ್ದಿತು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ, ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಕಾಳಗದ ಪಟ್ಟಿಕೆಗೆ ಸಾಕ್ಷಿ ಹೇಳಿದವರು ಎದುರಾಳಿಯ ಪಾಳೆಯದವರೆಂಬುದು ಗಮನಾರ್ಹ.

2025ರ ಜನವರಿಯಲ್ಲಿ ತೆರೆಕಂಡ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ಈ ಘಟನೆಯನ್ನೇ ಆಧರಿಸಿದೆ. ಮಿಸ್ಟೇರ್ ವಿಮಾನಗಳು ದಶಕಗಳ ಹಿಂದೆಯೇ ಸೇವೆಯಿಂದ ನಿರ್ಗಮಿಸಿದ್ದರಿಂದ ಇಲ್ಲಿಯ ವಾಯುಕಾಳಗ ಗಣಕಯಂತ್ರದ ಸೃಷ್ಟಿ. ಅದನ್ನು ಆಕ್ಷೇಪಿಸಬೇಕಿಲ್ಲ; ವೀರಗಲ್ಲಿನ ವಿಮಾನವೂ ಉಳಿಯ ಸೃಷ್ಟಿಯೇ. ಆದರೆ ಚಿತ್ರದಲ್ಲಿ ವೀರನ ಹೆಸರು ಟಿ. ಕೃಷ್ಣ ವಿಜಯ. ಕೊಡವ ಗುರುತು ಮರೆಯಾಯಿತೆಂದು ಕೊಡಗಿನಿಂದ ಆಕ್ಷೇಪ ಕೇಳಿಬಂದಿತು. ಇದನ್ನು ಕೇವಲ ಪ್ರಾದೇಶಿಕ ಅಭಿಮಾನವೆಂದು ತಳ್ಳಿಹಾಕಲಾಗದು. ಕೊಡವರಲ್ಲಿ ‘ಅಜ್ಜಮಾಡ’ ಎಂಬುದು ಒಕ್ಕದ ಹೆಸರು. ಅದು ವ್ಯಕ್ತಿಯನ್ನು ಅವನ ಐನ್‌ಮನೆಗೆ, ಪೂಜೆಗೊಳ್ಳುವ ಗುರುಕಾರಣರಿಗೆ ಜೋಡಿಸುತ್ತದೆ. ಆ ಹೆಸರನ್ನು ಕಳಚಿದರೆ ವೀರ ಉಳಿಯುತ್ತಾನೆ, ಅವನ ನೆಲೆ ಉಳಿಯುವುದಿಲ್ಲ.

ಕಥನಕಾರನಿಗೆ ಸ್ವಾತಂತ್ರ್ಯವಿದೆ, ಹೆಸರು ಬದಲಿಸಿದರೆ ಸಂಭಾಷಣೆ, ಸನ್ನಿವೇಶಗಳನ್ನು ಕಟ್ಟುವ ಅವಕಾಶ ಹಿಗ್ಗುತ್ತದೆ. ಮರೆತುಹೋಗಿದ್ದ ಸಾಹಸ ಅನೇಕರಿಗೆ ತಿಳಿದದ್ದು ಈ ಚಿತ್ರದಿಂದಲೇ ಎಂಬುದನ್ನೂ ಒಪ್ಪಬೇಕು. ಹಾಗಿದ್ದರೂ ವೀರಗಲ್ಲಿನ ವಿವೇಕ ಬೇರೆಯದು. ಅದು ಆಕಾಶವನ್ನು ಕಲ್ಪನೆಗೆ ಬಿಟ್ಟು, ಹೆಸರನ್ನು ಕಲ್ಪನೆಯಿಂದ ಕಾಪಾಡಿತು. ‘ವಿಜೇತಾ’ದಲ್ಲಿ ಆಕಾಶ ನಿಜ, ವೀರ ಕಲ್ಪಿತ, ‘ಸ್ಕೈ ಫೋರ್ಸ್’ನಲ್ಲಿ ವೀರ ನಿಜ, ಆಕಾಶವೂ ಹೆಸರೂ ಕಲ್ಪಿತ. ಮೊದಲನೆಯದರಿಂದ ಯಾರ ಸ್ಮರಣೆಗೂ ಕುಂದಿಲ್ಲ. ಎರಡನೆಯದರಲ್ಲಿ ಸ್ಮರಣೆಯ ಹಕ್ಕುಳ್ಳ ಒಂದು ಮನೆತನವಿದೆ, ಒಂದು ನಾಡಿದೆ.

ಈ ಮಾತು ಜಾನಪದ ಸಂಶೋಧಕರಿಗೂ ಅನ್ವಯಿಸುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬರಹವಿಲ್ಲದ ವೀರಗಲ್ಲುಗಳ ಅಳತೆ, ಶೈಲಿ, ಕಾಲಗಳನ್ನು ನಾವು ಶ್ರದ್ಧೆಯಿಂದ ಗುರುತು ಹಾಕಿಕೊಳ್ಳುತ್ತೇವೆ. ಆ ಕಲ್ಲಿಗೆ ಹಿರಿಯರೊಬ್ಬರು ಹೇಳುವ ಹೆಸರನ್ನು ಮಾತ್ರ ಐತಿಹ್ಯವೆಂದು ಕರೆದು ಬದಿಗಿಡುವ ರೂಢಿಯಿದೆ. ಆ ಹೆಸರು ಸರಿಯೋ ತಪ್ಪೋ ಎಂಬುದನ್ನು ಆಮೇಲೆ ನಿರ್ಣಯಿಸಬಹುದು. ಮೊದಲು ಅದು ಬರಹಕ್ಕೆ ಇಳಿಯಬೇಕು. ಹೇಳುವವರು ಇನ್ನೂ ಇರುವಾಗಲೇ ಇಳಿಯಬೇಕು.